ಗಾಜಿನ ಮಣಿ ಮಾಡಿ ಗದ್ದೆ ನೀರು ನೋಡಿ

ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಸೂಕ್ಷ್ಮಜೀವಿಗಳ ಪಾಠ ಬಂದರೆ ಮೊದಲು ಲೆನ್ಸ್ ಮಾಡಿಸುತ್ತೇನೆ, ಆಮೇಲೆ ಪುಸ್ತಕ. ಬ್ಯಾಕ್ಟೀರಿಯಾವನ್ನು ಮೊದಲು ಕಂಡ ಲೀವೆನ್‌ಹುಕ್ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ಕಾಲೇಜು ಓದಿದವನಲ್ಲ, ಲೆನ್ಸುಗಳನ್ನು ತಾನೇ ಮಾಡಿಕೊಂಡವನು.

ನಮ್ಮ ಲೆನ್ಸ್ ಎಂದರೆ ಒಂದು ಪುಟ್ಟ ಗಾಜಿನ ಮಣಿ. ಅದಕ್ಕೆ ಸೋಡಾ ಗಾಜಿನ, ಅಂದರೆ ಬೇಗ ಮೆತ್ತಗಾಗುವ ಸಾಮಾನ್ಯ ಗಾಜಿನ, ತೆಳು ಕಡ್ಡಿ ತನ್ನಿ. ಟ್ಯೂಬ್ ಬೇಡ, ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ದೊಡ್ಡವರಿರಲಿ. ಸ್ಪಿರಿಟ್ ದೀಪದಲ್ಲಿ ಕಡ್ಡಿ ಮೆತ್ತಗಾದಾಗ ಹೊರಗೆ ತೆಗೆದು ಎಳೆಯಿರಿ, ಕೂದಲಿನಂಥ ನೂಲು ಬರುತ್ತದೆ. ಅದರ ತುದಿಯನ್ನು ಮತ್ತೆ ಉರಿಯ ಅಂಚಿಗೆ ಹಿಡಿಯಿರಿ. ಗಾಜು ತಾನಾಗಿಯೇ ಸುರುಟಿಕೊಂಡು ಗುಂಡಗಾಗುತ್ತದೆ. ಒಂದೂವರೆಯಿಂದ 2 ಮಿಲಿಮೀಟರ್ ಆದ ಕೂಡಲೇ ನಿಲ್ಲಿಸಿ. ದೊಡ್ಡದಾದರೆ ಜೋತುಬೀಳುತ್ತದೆ, ದೊಡ್ಡದು ಮಾಡಿ ತೋರಿಸುವ ಶಕ್ತಿಯೂ ಕಡಿಮೆ. 2 ಮಿಲಿಮೀಟರ್ ಮಣಿ ಸುಮಾರು 160 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮಣಿಯನ್ನು ಬೆರಳಲ್ಲಿ ಮುಟ್ಟಬೇಡಿ, ಸಣ್ಣ ಬಾಲ ಬಿಟ್ಟು ಮುರಿಯಿರಿ. ಎರಡು ದಪ್ಪ ರಟ್ಟಿಗೆ ಮಣಿಗಿಂತ ಚಿಕ್ಕ ತೂತು ಮಾಡಿ, ನಡುವೆ ಮಣಿ ಸಿಕ್ಕಿಸಿ ಟೇಪ್ ಹಚ್ಚಿ. ಲೀವೆನ್‌ಹುಕ್ ಹೆಚ್ಚಾಗಿ ಲೆನ್ಸ್ ಉಜ್ಜಿ ಮಾಡುತ್ತಿದ್ದ. ಗಾಜು ಕರಗಿಸುವ ಈ ದಾರಿಯನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲೇ ಬರೆದಿದ್ದ.

ನೀರು ಎಲ್ಲಿಂದ? ನಾಲೆ ನೀರು ನಿಂತ ಭತ್ತದ ಗದ್ದೆಯಲ್ಲಿ ಜಾರುವ ಹಸಿರು ಪಾಚಿ ಇರುತ್ತದಲ್ವಾ, ಅದರ ಒಂದೆಳೆ ಸಾಕು. ಸ್ಲೈಡಿನ (ಗಾಜಿನ ಪಟ್ಟಿ) ಮೇಲೆ ಅದನ್ನಿಟ್ಟು ಹನಿ ಹಾಕಿ, ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ. ಮಣಿಯನ್ನು ಕಣ್ಣಿಗೆ ಒತ್ತಿದಂತೆ ಹಿಡಿದು, ಇನ್ನೊಂದು ಬದಿಯಿಂದ ಸ್ಲೈಡನ್ನು ಮಣಿಗೆ ತಾಗುವಷ್ಟು ಹತ್ತಿರ ತನ್ನಿ. ನಡುವೆ ಅರ್ಧ ಮಿಲಿಮೀಟರಿನಷ್ಟೇ ಜಾಗ. ಬೆಳಕಿಗೆ ಬಿಳಿ ಮೋಡದ ಕಡೆ ತಿರುಗಿ, ಸೂರ್ಯನ ಕಡೆ ಖಂಡಿತ ಬೇಡ. ಕೆಲವು ಎಳೆಗಳೊಳಗೆ ಹಸಿರು ಪಟ್ಟಿ ಹಾವಿನಂತೆ ಸುತ್ತಿಕೊಂಡಿರುತ್ತದೆ, ಅದೇ ಸ್ಪೈರೋಗೈರಾ. 1674ರಲ್ಲಿ ಲೀವೆನ್‌ಹುಕ್ ಸರೋವರದ ನೀರಲ್ಲಿ ಕಂಡು ಬರೆದದ್ದೂ ಇಂಥ ಸುರುಳಿ ಹಸಿರನ್ನೇ.

ಆಮೇಲೆ ಕಾಳುಮೆಣಸು. ಅದಕ್ಕೆ ಖಾರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಲೀವೆನ್‌ಹುಕ್ ಅದನ್ನು ನೀರಲ್ಲಿ ನೆನೆಹಾಕಿದ. 1676ರಲ್ಲಿ ಆ ನೀರಲ್ಲಿ ಕಂಡದ್ದು ಓಡಾಡುವ ಜೀವಿಗಳು. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯಲ್ಲಿ ಸುಲಭಕ್ಕೆ ಯಾರೂ ನಂಬಲಿಲ್ಲ. 1677ರಲ್ಲಿ ರಾಬರ್ಟ್ ಹುಕ್ ಮೆಣಸಿನ ನೀರನ್ನೇ ಮಾಡಿ ಅಲ್ಲಿಯವರಿಗೆ ತೋರಿಸಿದ. ನೀವೂ ಎರಡು ಮೂರು ವಾರ ನೆನೆಸಿಡಿ. ನಮ್ಮ ಮಣಿಯಲ್ಲಿ ಬ್ಯಾಕ್ಟೀರಿಯಾ ಸಿಗುವುದು ಕಷ್ಟ, ಅದಕ್ಕಿಂತ ದೊಡ್ಡ ಜೀವಿಗಳು ಓಡುವುದು ಚೆನ್ನಾಗಿ ಕಾಣುತ್ತದೆ. ನೋಡಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕಂಡದ್ದನ್ನು ಅಲ್ಲೇ ಬರೆದಿಡಿ, ಪುಸ್ತಕದ ಚಿತ್ರ ನೋಡಿ ತಿದ್ದಬೇಡಿ. ಗಾತ್ರ ಹೇಳಲು ಲೀವೆನ್‌ಹುಕ್ ಮರಳಿನ ಕಾಳಿಗೆ ಹೋಲಿಸುತ್ತಿದ್ದ. ನೀವು ಹನಿಯೊಳಗೆ ಒಂದು ತಲೆಗೂದಲು ಇಟ್ಟು, ಅದರ ಅಗಲಕ್ಕೆ ಎಷ್ಟು ಜೀವಿಗಳು ಸಾಲಾಗಿ ಹಿಡಿಸುತ್ತವೆ ಎಂದು ಲೆಕ್ಕ ಹಾಕಿ.