ಹೊಸ ಮನೆಗೆ ಪೀಠೋಪಕರಣ: ಯಾವುದು ಮೊದಲು, ಯಾವುದು ಆಮೇಲೆ

ಹೊಸ ಮನೆಗೆ ಸಾಮಾನು ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಸೋಫಾ, ಊಟದ ಮೇಜು, ಗಾಜಿನ ಬಾಗಿಲಿನ ಕಪಾಟು ಮುಂತಾದ, ಬಂದವರ ಕಣ್ಣಿಗೆ ಬೀಳುವ ವಸ್ತುಗಳನ್ನು. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ಅಭಿಪ್ರಾಯ. ಮೊದಲ ರಾತ್ರಿಯಿಂದಲೇ ಇಲ್ಲದಿದ್ದರೆ ಆಗದು ಎನ್ನುವಂಥವು ಮಂಚ, ಹಾಸಿಗೆ, ಮಲಗುವ ಕೋಣೆಯ ಪರದೆ, ಬಟ್ಟೆ ಇಡುವ ಬೀರು, ಕೂತು ಉಣ್ಣಲು ಹೇಗಾದರೂ ಒಂದು ಜಾಗ, ಇಷ್ಟೇ. ಇವನ್ನು ಮನೆಗೆ ಹೋಗುವ ಮುನ್ನವೇ ಗೊತ್ತುಮಾಡಬೇಕು. ಅಳತೆ ಕೊಟ್ಟು ಮಾಡಿಸುವ ವಸ್ತುಗಳಿಗೆ ವಾರಗಟ್ಟಲೆ ಹಿಡಿಯುವುದರಿಂದ ಅವುಗಳ ಮಾತನ್ನು ಇನ್ನೂ ಮೊದಲೇ ಮುಗಿಸಬೇಕು. ಉಳಿದವು ಕಾಯಲಿ. ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಮನೆಯವರು ಅಡುಗೆಮನೆಯಿಂದ ಹಜಾರಕ್ಕೆ ಯಾವ ದಾರಿಯಲ್ಲಿ ಓಡಾಡುತ್ತಾರೆ, ಸಂಜೆ ಎಲ್ಲರೂ ತಾವಾಗಿಯೇ ಯಾವ ಮೂಲೆಯಲ್ಲಿ ಸೇರುತ್ತಾರೆ ಎಂಬುದು ಅಲ್ಲಿ ಕೆಲವು ದಿನ ಬಾಳಿದ ಮೇಲಷ್ಟೇ ತಿಳಿಯುತ್ತದೆ, ಮತ್ತು ಸೋಫಾ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಆ ತಿಳಿವಳಿಕೆಯೇ.

ಅಂಗಡಿಗೆ ಹೋಗುವ ಮೊದಲು ಅಳತೆಯ ಕೆಲಸ ಮುಗಿದಿರಬೇಕು. ಪ್ರತಿ ಕೋಣೆಯ ಉದ್ದಗಲವನ್ನು ಎರಡೆರಡು ಕಡೆ ಅಳೆಯಿರಿ, ಏಕೆಂದರೆ ನೋಡಲು ನೇರವಾಗಿರುವ ಗೋಡೆಗಳೂ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದಂಗುಲ ವ್ಯತ್ಯಾಸ ತೋರಿಸುವುದುಂಟು. ಕಿಟಕಿಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಬಾಗಿಲುಗಳು ಯಾವ ಕಡೆಗೆ ತೆರೆಯುತ್ತವೆ, ಸ್ವಿಚ್ಚು ಮತ್ತು ಪ್ಲಗ್ ಪಾಯಿಂಟುಗಳು ಎಲ್ಲಿವೆ ಎಂಬುದನ್ನೂ ಬರೆದುಕೊಳ್ಳಬೇಕು. ಬೀರುವಿನ ಹಿಂದೆ ಸಿಕ್ಕಿಕೊಂಡ ಪ್ಲಗ್ ಪಾಯಿಂಟು ಮತ್ತೆ ಕೈಗೆ ಸಿಗುವುದಿಲ್ಲ. ಗ್ರಾಫ್ ಹಾಳೆಯ ಮೇಲೆ ಒಂದು ಅಡಿಗೆ ಒಂದು ಸೆಂಟಿಮೀಟರಿನಂತೆ ಕೋಣೆಯ ನಕ್ಷೆ ಬರೆದು, ಕೊಳ್ಳಬೇಕೆಂದಿರುವ ವಸ್ತುಗಳನ್ನು ಅದೇ ಪ್ರಮಾಣದಲ್ಲಿ ರಟ್ಟಿನಿಂದ ಕತ್ತರಿಸಿ ಅದರ ಮೇಲೆ ಸರಿಸಿ ನೋಡಿದರೆ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ. ಇನ್ನರ್ಧಕ್ಕೆ ಖಾಲಿ ಕೋಣೆಯ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಮಂಚದಷ್ಟೇ ಉದ್ದಗಲಕ್ಕೆ ಹಾಸಿ, ಅದರ ಸುತ್ತ ಒಮ್ಮೆ ನಡೆದು ನೋಡಬೇಕು. ಅಂಗಡಿಯ ಎತ್ತರದ ಚಾವಣಿಯ ಕೆಳಗೆ, ವಿಶಾಲವಾದ ಜಾಗದಲ್ಲಿ ಯಾವ ವಸ್ತುವೂ ಅದರ ನಿಜವಾದ ಗಾತ್ರಕ್ಕಿಂತ ಚಿಕ್ಕದಾಗಿ ಕಾಣುವುದರಿಂದ ಅಲ್ಲಿ ಕಣ್ಣನ್ನು ನಂಬುವಂತಿಲ್ಲ.

ವಸ್ತು ಹಿಡಿದರೆ ಸಾಲದು, ಅದರ ಸುತ್ತ ಮನುಷ್ಯರೂ ಹಿಡಿಯಬೇಕು. ಮುಖ್ಯವಾಗಿ ಓಡಾಡುವ ದಾರಿಗೆ ಸುಮಾರು 3 ಅಡಿ, ಮಂಚದ ಪಕ್ಕಕ್ಕೆ ಕನಿಷ್ಠ 2 ಅಡಿ, ಸೋಫಾಕ್ಕೂ ಟೀಪಾಯಿಗೂ ನಡುವೆ 16ರಿಂದ 18 ಅಂಗುಲ ಬಿಡುವುದು ವಾಡಿಕೆ. ಊಟದ ಮೇಜಿನಲ್ಲಿ ಒಬ್ಬರಿಗೆ 24 ಅಂಗುಲ ಅಗಲ ಬೇಕು. ಕುರ್ಚಿ ಹಿಂದಕ್ಕೆ ಸರಿಸಿ ಏಳುವುದಕ್ಕೆ ಮೇಜಿನ ಅಂಚಿನಿಂದ ಗೋಡೆಯವರೆಗೆ 3 ಅಡಿ ಇದ್ದರೆ ಅನುಕೂಲ. ಮೇಜಿನ ಎತ್ತರ ಸಾಮಾನ್ಯವಾಗಿ 30 ಅಂಗುಲ, ಕುರ್ಚಿಯ ಆಸನದ್ದು 18 ಅಂಗುಲ ಇರುತ್ತದೆ. ಮೇಜನ್ನೂ ಕುರ್ಚಿಯನ್ನೂ ಬೇರೆ ಬೇರೆ ಕಡೆ ಕೊಳ್ಳುವವರು ಎರಡರ ನಡುವೆ 10ರಿಂದ 12 ಅಂಗುಲ ಅಂತರವಿದೆಯೇ ಎಂದು ನೋಡಿಕೊಳ್ಳದಿದ್ದರೆ ಮೊಣಕಾಲು ಮೇಜಿಗೆ ತಾಗುತ್ತದೆ. ಬಟ್ಟೆಯನ್ನು ತೂಗುಹಾಕುವ ಬೀರುವಿಗೆ ಸುಮಾರು 2 ಅಡಿ ಆಳ ಬೇಕು. ಅದರ ಮುಂದೆ ಬಾಗಿಲು ತೆರೆಯುವ ಜಾಗವಿಲ್ಲದಿದ್ದರೆ ಸರಿಯುವ ಬಾಗಿಲನ್ನು ಆರಿಸಬಹುದು, ಆದರೆ ಆಗ ಒಂದು ಸಲಕ್ಕೆ ಬೀರುವಿನ ಅರ್ಧ ಭಾಗವಷ್ಟೇ ಕೈಗೆ ಸಿಗುತ್ತದೆ.

ಕೋಣೆಯ ಅಳತೆ ಸರಿಹೊಂದಿದ ವಸ್ತುವೂ ಮನೆಯ ಬಾಗಿಲಲ್ಲಿ ನಿಂತುಬಿಡಬಹುದು. ಮುಂಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟಿನ ಒಳಗಿನ ಎತ್ತರ, ಕೋಣೆಯ ಬಾಗಿಲು ಹೀಗೆ ಬರುವ ದಾರಿಯನ್ನೆಲ್ಲ ಅಳೆಯಬೇಕು. ತೆರೆದ ಬಾಗಿಲಿನ ದಪ್ಪವೂ ಚೌಕಟ್ಟಿನ ಜಾಗವನ್ನು ಸ್ವಲ್ಪ ತಿನ್ನುತ್ತದೆ ಎಂಬುದನ್ನು ಮರೆಯಬಾರದು. ಸೋಫಾ ವಿಷಯದಲ್ಲಿ ಇನ್ನೊಂದು ಅಳತೆ ಉಪಯೋಗಕ್ಕೆ ಬರುತ್ತದೆ. ಅದರ ಬದಿಯಲ್ಲಿ ನಿಂತು, ಬೆನ್ನಿನ ಮೇಲ್ತುದಿಯಿಂದ ತೋಳಿನ ಮುಂದುದಿಗೆ ಒಂದು ನೇರ ಕೋಲನ್ನಿಟ್ಟು, ಆ ಕೋಲಿನಿಂದ ಹಿಂಬದಿಯ ಕೆಳಮೂಲೆಗೆ ಲಂಬವಾಗಿ ಎಷ್ಟು ದೂರವಿದೆ ಎಂದು ಅಳೆಯಿರಿ. ಅದು ಬಾಗಿಲಿನ ತೆರವಿಗಿಂತ ಕಡಿಮೆಯಿದ್ದರೆ ಸೋಫಾವನ್ನು ವಾಲಿಸಿ ಒಳಗೆ ತರಬಹುದು.

ಇನ್ನು ಮರದ ಮಾತು. ಗಟ್ಟಿ ಮರ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮತ್ತು ಈ ಬದಲಾವಣೆ ಎಳೆಯ ಉದ್ದಕ್ಕಿಂತ ಅಡ್ಡಕ್ಕೇ ಬಹಳ ಹೆಚ್ಚು. ಅದನ್ನು ಬಲ್ಲ ಬಡಗಿ ಮೇಜಿನ ಹಲಗೆಯನ್ನು ಚೌಕಟ್ಟಿಗೆ ಅಲುಗಾಡದಂತೆ ಬಿಗಿಯದೆ, ಅದು ಹಿಗ್ಗಿ ಕುಗ್ಗಲು ಆಸ್ಪದವಿರುವಂತೆ ಸ್ಕ್ರೂಗಳಿಗೆ ಉದ್ದನೆಯ ತೂತುಗಳನ್ನು ಬಿಟ್ಟಿರುತ್ತಾನೆ. ಮೇಜಿನ ಅಡಿಗೆ ಬಗ್ಗಿ ನೋಡಿದರೆ ಇದು ಕಾಣುತ್ತದೆ, ಬಗ್ಗಲು ನಾಚಬೇಕಾಗಿಲ್ಲ. ಪ್ಲೈವುಡ್ಡಿನಲ್ಲಿ ತೆಳುವಾದ ಪದರಗಳನ್ನು ಒಂದರ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ ಅಂಟಿಸಿರುವುದರಿಂದ ಅದು ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ನೀರು ಸೇರಿ ಒಮ್ಮೆ ಉಬ್ಬಿದರೆ ಮೊದಲಿನ ರೂಪಕ್ಕೆ ಬರುವುದಿಲ್ಲ, ಮತ್ತು ಬಿಚ್ಚಿ ಮತ್ತೆ ತಿರುಗಿಸಿದ ಸ್ಕ್ರೂವನ್ನು ಅದು ಮೊದಲಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮುಂದೆ ಮನೆ ಬದಲಿಸುವ ಸಂಭವವಿರುವವರಿಗೆ ದೊಡ್ಡ ಬೀರುಗಳಿಗೆ ಅದು ತಕ್ಕದ್ದಲ್ಲ. ಪುಸ್ತಕದ ಕಪಾಟಿನಲ್ಲಂತೂ ನಡುವೆ ಆಧಾರವಿಲ್ಲದ ಎರಡೂವರೆ ಅಡಿಗೂ ಉದ್ದನೆಯ ಪಾರ್ಟಿಕಲ್ ಬೋರ್ಡಿನ ಹಲಗೆ ಕಾಲಕ್ರಮೇಣ ಬಾಗುತ್ತದೆ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ನುಣುಪಾಗಿದ್ದು ಬಣ್ಣಕ್ಕೆ ಒಪ್ಪುತ್ತದೆಯಾದರೂ ತೂಕ ಹೆಚ್ಚು. ಯಾವುದೇ ಬೋರ್ಡ್ ಆಗಲಿ, ಮೇಲ್ಮೈಯ ಹೊಳಪಿಗಿಂತ ಹಿಂಭಾಗ, ಒಳಗಿನ ಅಂಚು, ಕಾಲಿನ ತಳ ಇಂಥ ಕಾಣದ ಕಡೆಗಳನ್ನು ಪರೀಕ್ಷಿಸಿ. ಅಲ್ಲಿ ಅಂಚುಪಟ್ಟಿ ಅಂಟಿಸದೆ ಬಿಟ್ಟಿದ್ದರೆ ನೆಲ ಒರೆಸುವ ನೀರು ಒಳಗೆ ಹೋಗುವುದು ಆ ದಾರಿಯಿಂದಲೇ. ಬೋರ್ಡುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಬರುತ್ತದೆ. ಅದು ಕಡಿಮೆಯಿರುವ ಬೋರ್ಡನ್ನು ಇ1 ಎಂಬ ಗುರುತಿನಿಂದ ಸೂಚಿಸುತ್ತಾರೆ. ಮೂಗಿಗೆ ಘಾಟು ಹೊಡೆಯುವ ಹೊಸ ಬೀರುವನ್ನು ಬಟ್ಟೆ ತುಂಬುವ ಮೊದಲು ಕೆಲವು ದಿನ ಕಿಟಕಿ ತೆರೆದಿಟ್ಟು ಗಾಳಿಗೆ ಬಿಡುವುದು ಒಳ್ಳೆಯದು.

ಸೋಫಾದ ಮೆದುವನ್ನು ಅಂಗೈಯಿಂದ ಒತ್ತಿ ನೋಡಿ ತೀರ್ಮಾನಿಸಬಾರದು. ಫೋಮಿನ ಸಾಂದ್ರತೆಯೇ ಬೇರೆ, ಗಟ್ಟಿತನವೇ ಬೇರೆ. ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಹೇಳುವ ಸಾಂದ್ರತೆ ಕಡಿಮೆಯಿದ್ದರೆ ಇಂದು ಗಟ್ಟಿಯಾಗಿರುವ ಆಸನವೂ ಬೇಗ ಕುಳಿಬೀಳುತ್ತದೆ. ಹೊದಿಕೆ ಬಟ್ಟೆ ಸವೆಯುವ ಮೊದಲು ಎಷ್ಟು ಸಲದ ಉಜ್ಜುವಿಕೆಯನ್ನು ತಾಳುತ್ತದೆ ಎಂದು ಮಾರ್ಟಿಂಡೇಲ್ ಎಂಬ ಪರೀಕ್ಷೆಯಲ್ಲಿ ಎಣಿಸುತ್ತಾರೆ. ದಿನವೂ ಬಳಸುವ ಮನೆಯ ಸೋಫಾಕ್ಕೆ 20,000ಕ್ಕಿಂತ ಹೆಚ್ಚಿನ ಎಣಿಕೆಯನ್ನು ಕೇಳುವುದರಲ್ಲಿ ತಪ್ಪಿಲ್ಲ. ಹಾಸಿಗೆಯನ್ನಾದರೆ ಮಲಗಿಯೇ ನೋಡಬೇಕು, ಅದರಲ್ಲಿ ಮಲಗುವವರೆಲ್ಲ ನೋಡಬೇಕು. ಅಳತೆಯ ಹೆಸರು ಒಂದೇ ಆಗಿದ್ದರೂ ತಯಾರಕರಿಂದ ತಯಾರಕರಿಗೆ ಒಂದೆರಡು ಅಂಗುಲ ಬೇರೆಯಾಗುವುದರಿಂದ ಮಂಚದ ಒಳ ಅಳತೆಯನ್ನು ಅಂಗುಲಗಳಲ್ಲಿ ಹೇಳಿ ಕೊಳ್ಳುವುದು ಕ್ಷೇಮ.

ಪರದೆಯ ಸರಳು ಕಿಟಕಿಗಿಂತ ಎರಡೂ ಬದಿಗೆ ಆರೆಂಟು ಅಂಗುಲ ಉದ್ದವಿದ್ದರೆ ಸರಿಸಿದ ಪರದೆ ಬೆಳಕನ್ನು ತಡೆಯುವುದಿಲ್ಲ. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆಯ ಒಟ್ಟು ಅಗಲ ಸರಳಿನ ಉದ್ದದ ಎರಡು ಪಟ್ಟು ಇರಬೇಕು. ಹತ್ತಿಯ ಬಟ್ಟೆ ಒಗೆದಾಗ ಕುಗ್ಗುತ್ತದೆ, ಹೊಲಿಸುವ ಮೊದಲೇ ಒಮ್ಮೆ ನೆನೆಸಿ ಒಣಗಿಸಬೇಕು. ಬಣ್ಣವನ್ನು ಅಂಗಡಿಯ ಬೆಳಕಿನಲ್ಲಿ ಒಪ್ಪಿಕೊಳ್ಳದೆ ತುಂಡೊಂದನ್ನು ಮನೆಗೆ ತಂದು ಹಗಲಿನಲ್ಲೂ ರಾತ್ರಿಯ ದೀಪದಲ್ಲೂ ನೋಡಿ. ದೀಪದ ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ; 3,000 ಕೆಲ್ವಿನ್ನಿನ ಹಳದಿ ದೀಪದಡಿ ಬೆಚ್ಚಗೆ ಕಾಣುವ ಬಟ್ಟೆ 6,500 ಕೆಲ್ವಿನ್ನಿನ ಬಿಳಿ ದೀಪದಡಿ ಪೇಲವವಾಗಿ ಕಂಡೀತು.

ಹಣ ಕೊಡುವ ಮುನ್ನ ರಸೀತಿಯಲ್ಲಿ ಅಳತೆ, ಮರ ಅಥವಾ ಬೋರ್ಡಿನ ಹೆಸರು, ಬಣ್ಣದ ಸಂಖ್ಯೆ, ತಲುಪಿಸುವ ದಿನಾಂಕ, ಜೋಡಿಸಿಕೊಡುವವರು ಯಾರು ಎಂಬುದು ಬರೆದಿರಲಿ. ಬಾಯಿಮಾತಿನ ಭರವಸೆಗಳೂ ಅದರಲ್ಲೇ ಬರಲಿ. ಗೋಡೆಗೆ ಬಣ್ಣ ಹೊಡೆದು ಒಣಗಿದ ಮೇಲೆಯೇ ಸಾಮಾನು ತರಿಸಿಕೊಳ್ಳಬೇಕು. ತಂದಾಗ ಕಟ್ಟು ಬಿಚ್ಚಿಸಿ, ಡ್ರಾಯರುಗಳನ್ನೆಲ್ಲ ಎಳೆದು, ಬಾಗಿಲುಗಳನ್ನು ತೆರೆದು ಮುಚ್ಚಿ, ಕಂಡ ಊನವನ್ನು ಅಲ್ಲಿಯೇ ಕಾಗದದ ಮೇಲೆ ಬರೆಸಿದ ನಂತರವಷ್ಟೇ ಸಹಿ ಹಾಕಿ. ಎತ್ತರದ ಬೀರು ಮತ್ತು ಡ್ರಾಯರುಗಳ ಕಪಾಟನ್ನು ಜೋಡಿಸಿದವರು ಹೊರಡುವ ಮುನ್ನವೇ ಅವರಿಂದಲೇ ಗೋಡೆಗೆ ಬಿಗಿಸಬೇಕು. ಡ್ರಾಯರುಗಳೆಲ್ಲ ಒಮ್ಮೆಲೇ ಹೊರಬಂದಾಗ ಭಾರ ಮುಂದಕ್ಕೆ ವಾಲುತ್ತದೆ, ಮಕ್ಕಳು ಹತ್ತಿದರಂತೂ ಇಡೀ ಕಪಾಟು ಮಗುಚಿ ಮೇಲೆ ಬೀಳುತ್ತದೆ.