ಪ್ಲೇಟಿನಲ್ಲಿ ಬೆಳೆದದ್ದೆಲ್ಲ ರೋಗಾಣುವಲ್ಲ

ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ‘ಕಫ’ ಎಂಬ ಚೀಟಿ ಹೊತ್ತು ಬರುವ ಡಬ್ಬಿಗಳಲ್ಲಿ ಎಷ್ಟೋ ಸಲ ಇರುವುದು ಬರೀ ಜೊಲ್ಲು. ಅದನ್ನು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ, ಹಾಕಿದರೆ ಏನೂ ಬೆಳೆಯುವುದಿಲ್ಲ ಎಂದುಕೊಳ್ಳಬೇಡಿ, ಧಾರಾಳವಾಗಿ ಬೆಳೆಯುತ್ತದೆ. ತೊಂದರೆ ಇರುವುದೇ ಅಲ್ಲಿ. ಆರೋಗ್ಯವಂತರ ಬಾಯಲ್ಲೂ ನೂರಾರು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಯಾವುದೋ ಒಂದರ ಹೆಸರು ವರದಿಗೆ ಏರಿತೆಂದರೆ, ಶ್ವಾಸಕೋಶದಲ್ಲಿ ಇಲ್ಲದ ರೋಗಾಣುವಿಗೆ ಔಷಧಿ ಶುರುವಾಗುತ್ತದೆ. ಬ್ಯಾಕ್ಟೀರಿಯಾ ಬೆಳೆಸುವುದು ಅಂಥ ಕಷ್ಟದ ಕೆಲಸವಲ್ಲ. ಬೆಳೆದದ್ದಕ್ಕೂ ರೋಗಕ್ಕೂ ಸಂಬಂಧವಿದೆಯೇ ಎಂದು ತೀರ್ಮಾನಿಸುವುದರಲ್ಲೇ ನನ್ನ ಹೆಚ್ಚಿನ ಹೊತ್ತು ಹೋಗುತ್ತದೆ.

ಹಾಗಾಗಿ ಪ್ಲೇಟಿಗಿಂತ ಮೊದಲು ಸ್ಲೈಡ್ ನೋಡುವುದು ನನ್ನ ಪದ್ಧತಿ. ಕಫದಲ್ಲಿ ಕೀವಿನ ಮುದ್ದೆಯೋ ರಕ್ತದ ಎಳೆಯೋ ಕಂಡರೆ ಆ ಭಾಗವನ್ನೇ ಲೂಪಿನಿಂದ (ತುದಿಯಲ್ಲಿ ಪುಟ್ಟ ಬಳೆಯಿರುವ ಕಡ್ಡಿ) ಎತ್ತಿ ಗಾಜಿನ ಮೇಲೆ ಹರಡುತ್ತೇನೆ. ಕೆಳಗಿಟ್ಟ ಮುದ್ರಿತ ಅಕ್ಷರಗಳನ್ನು ಓದಲು ಬರುವಷ್ಟು ತೆಳುವಾಗಿರಬೇಕು. ಗಾಳಿಗೆ ಒಣಗಿದ ಮೇಲೆ ಜ್ವಾಲೆಯ ಮೇಲೆ ಸರಕ್ಕನೆ ಹಾಯಿಸುತ್ತೇನೆ. ಅಂಗೈ ಹಿಂಭಾಗಕ್ಕೆ ಮುಟ್ಟಿಸಿದರೆ ಬೆಚ್ಚಗಿರಬೇಕು, ಸುಡಬಾರದು. ಆಮೇಲೆ ಗ್ರಾಮ್ ವಿಧಾನದಲ್ಲಿ ಬಣ್ಣ ಹಾಕುವುದು: ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ತೊಳೆದು ಅಯೋಡಿನ್ ಒಂದು ನಿಮಿಷ. ಇಲ್ಲಿಯವರೆಗೆ ಯಾರು ಮಾಡಿದರೂ ಒಂದೇ.

ಕೈಗುಣ ಕಾಣುವುದು ಮುಂದಿನ ಕೆಲವು ಸೆಕೆಂಡುಗಳಲ್ಲಿ. ಸ್ಲೈಡನ್ನು ಓರೆಯಾಗಿ ಹಿಡಿದು ಅಸಿಟೋನ್-ಆಲ್ಕೋಹಾಲ್ ಹನಿ ಹನಿಯಾಗಿ ಬಿಡುತ್ತೇನೆ. ಇಳಿಯುವ ದ್ರವದಲ್ಲಿ ನೇರಳೆ ಬಣ್ಣ ನಿಂತ ಕೂಡಲೇ ನೀರು. ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕನ್ ಪದರ ದಪ್ಪ. ಆಲ್ಕೋಹಾಲ್ ತಾಗಿದಾಗ ಅದು ಬಿಗಿದುಕೊಂಡು ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ಗ್ರಾಮ್ ನೆಗೆಟಿವ್‌ಗಳಲ್ಲಿ ಆ ಪದರ ತೆಳು, ಹೊರಗಿನ ಕೊಬ್ಬಿನ ಪೊರೆಯೂ ಕರಗುತ್ತದೆ, ಬಣ್ಣ ತೊಳೆದುಹೋಗುತ್ತದೆ. ಕೊನೆಗೆ ಹಾಕುವ ಸಫ್ರಾನಿನ್ ಅವನ್ನು ಗುಲಾಬಿಯಾಗಿಸುತ್ತದೆ. ಅಸಿಟೋನ್ ಹೆಚ್ಚು ಹೊತ್ತು ಬಿದ್ದರೆ ಗ್ರಾಮ್ ಪಾಸಿಟಿವ್ ಆದ ಸ್ಟ್ಯಾಫಿಲೊಕಾಕಸ್ ಕೂಡ ಗುಲಾಬಿಯಾಗಿ ಕಾಣುತ್ತದೆ, ಸಾಲದೆ ಹೋದರೆ ಗ್ರಾಮ್ ನೆಗೆಟಿವ್ ಆದ ಇ. ಕೋಲಿ ನೇರಳೆಯಾಗಿಯೇ ಉಳಿಯುತ್ತದೆ. ನನ್ನ ತಾಳೆ ಸರಳ: ಅದೇ ಸ್ಲೈಡಿನಲ್ಲಿರುವ ಕೀವುಕೋಶಗಳ ನ್ಯೂಕ್ಲಿಯಸ್ ಗುಲಾಬಿಯಾಗಿರಬೇಕು. ಅದು ನೇರಳೆಯಾಗಿದ್ದರೆ ಬ್ಯಾಕ್ಟೀರಿಯಾದ ಬಣ್ಣವನ್ನೂ ನಂಬುವುದಿಲ್ಲ, ಹೊಸ ಸ್ಲೈಡ್ ಮಾಡುತ್ತೇನೆ. ಆಂಟಿಬಯಾಟಿಕ್ ಆಗಲೇ ಶುರುವಾಗಿದ್ದರೆ ಎಷ್ಟು ಚೆನ್ನಾಗಿ ಬಣ್ಣ ಹಾಕಿದರೂ ಗ್ರಾಮ್ ಪಾಸಿಟಿವ್‌ಗಳು ಗುಲಾಬಿಗೆ ತಿರುಗುವುದುಂಟು. ವಿನಂತಿ ಪತ್ರದಲ್ಲಿ ಔಷಧಿಯ ಕಾಲಂ ಖಾಲಿ ಬಿಡುವ ವೈದ್ಯರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಈ ಬಣ್ಣದ ವಿಧಾನವನ್ನು 1884ರಲ್ಲಿ ಪ್ರಕಟಿಸಿದಾಗ ಅವರಿಗೆ ಬ್ಯಾಕ್ಟೀರಿಯಾಗಳನ್ನು ಎರಡು ಬಣ ಮಾಡುವ ಉದ್ದೇಶವೇ ಇರಲಿಲ್ಲ. ಬರ್ಲಿನ್‌ನಲ್ಲಿ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಸ್ಪಷ್ಟವಾಗಿ ಕಂಡರೆ ಸಾಕಿತ್ತು. ಕೆಲವು ಬಣ್ಣ ಹಿಡಿಯಲಿಲ್ಲ ಎಂಬುದನ್ನು ಅವರು ಕೊರತೆಯೆಂದೇ ಕಂಡರು. ನಾನು ದಿನವೂ ನಂಬಿ ಕೂರುವುದು ಆ ಕೊರತೆಯನ್ನೇ.

ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ಒಂದು ನೋಟಕ್ಕೆ ಬಾಯಿಯ ಒಳಪದರದ ಚಪ್ಪಟೆ ಕೋಶಗಳು 10ಕ್ಕಿಂತ ಹೆಚ್ಚು ಸಿಕ್ಕರೆ ಅದು ಬಾಯಿಯ ಮಾದರಿ, ವಾಪಸ್. ಕೀವುಕೋಶ 25ಕ್ಕಿಂತ ಹೆಚ್ಚಿದ್ದು ಚಪ್ಪಟೆ ಕೋಶಗಳು ವಿರಳವಾಗಿದ್ದರೆ ಮುಂದುವರಿಯುತ್ತೇನೆ. ವಾಪಸ್ ಕಳಿಸಿದಾಗ ವಾರ್ಡಿನಿಂದ ಫೋನ್ ಬರುತ್ತದೆ, ಸ್ವರ ಎತ್ತರದಲ್ಲೇ ಇರುತ್ತದೆ. ಬರಲಿ.

ಮೂತ್ರದ ಲೆಕ್ಕ ಬೇರೆ. ಲೂಪ್ ಎತ್ತುವುದು ಒಂದು ಮೈಕ್ರೊಲೀಟರ್, ಅಂದರೆ ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಪ್ಲೇಟಿನಲ್ಲಿ ನೂರು ಕಾಲೊನಿ (ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ) ಎದ್ದರೆ ಮಿಲಿಲೀಟರಿಗೆ ಒಂದು ಲಕ್ಷ. ಸೋಂಕೆಂದು ಹಿಡಿಯುವ ಈ ಲಕ್ಷದ ಗಡಿ 1950ರ ದಶಕದಲ್ಲಿ ಎಡ್ವರ್ಡ್ ಕ್ಯಾಸ್ ಅವರ ಕೆಲಸದಿಂದ ಬಂದದ್ದು. ಅದನ್ನು ಕಲ್ಲಿನಲ್ಲಿ ಕೆತ್ತಿದ ಗೆರೆಯೆಂದು ಹಿಡಿಯುವುದು ತಪ್ಪು. ಉರಿಮೂತ್ರದಿಂದ ಒದ್ದಾಡುತ್ತಿರುವ ಹೆಂಗಸಿನ ಮಾದರಿಯಲ್ಲಿ ಇ. ಕೋಲಿ ಸಾವಿರದ ಲೆಕ್ಕದಲ್ಲಿದ್ದರೂ ನಾನು ಬಿಡುವುದಿಲ್ಲ. ಮೂರು ನಾಲ್ಕು ಬಗೆ ಒಟ್ಟಿಗೆ ಬೆಳೆದಿದ್ದರೆ ಲಕ್ಷ ದಾಟಿದರೂ ಅದು ಚರ್ಮದ ಕಲಬೆರಕೆ ಎಂದು ಬರೆದು ಹೊಸ ಮಾದರಿ ಕೇಳುತ್ತೇನೆ. ಅನುಕೂಲ ಸಿಕ್ಕರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂತ್ರದ ಡಬ್ಬಿ ಮೇಜಿನ ಮೇಲೆ ಮಧ್ಯಾಹ್ನವೆಲ್ಲ ಕುಳಿತಿದ್ದರೆ ನಾನು ಎಣಿಸುವುದು ರೋಗಿಯ ಸೋಂಕನ್ನಲ್ಲ, ಸಿಬ್ಬಂದಿಯ ಸೋಮಾರಿತನವನ್ನು. ಎರಡು ಗಂಟೆಯೊಳಗೆ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಇನ್ನು ಯಾವ ಲಕ್ಷಣವೂ ಇಲ್ಲದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ, ಗರ್ಭಿಣಿಯರನ್ನೂ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಸಿದ್ಧರಾಗುತ್ತಿರುವವರನ್ನೂ ಬಿಟ್ಟರೆ, ಸಾಮಾನ್ಯವಾಗಿ ಔಷಧಿಯೇ ಬೇಡ.

ರಕ್ತದಲ್ಲಿ ಬ್ಯಾಕ್ಟೀರಿಯಾ ಇರಲೇಬಾರದು, ಹಾಗಾಗಿ ಅಲ್ಲಿ ಗೊಂದಲವಿಲ್ಲ ಎಂದು ಹೊಸಬರು ಭಾವಿಸುತ್ತಾರೆ. ಸೂಜಿ ಚರ್ಮ ದಾಟಿಯೇ ಒಳಗೆ ಹೋಗಬೇಕಲ್ಲ! ಎರಡು ಬೇರೆ ಬೇರೆ ಜಾಗದಿಂದ ತೆಗೆದ ರಕ್ತದಲ್ಲಿ ಒಂದೇ ಬಾಟಲಿಯಲ್ಲಿ ಚರ್ಮದ ಮೇಲೆ ಸಹಜವಾಗಿರುವ ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್ ಬಂದರೆ ಅದು ಬಹುಮಟ್ಟಿಗೆ ಚರ್ಮದ್ದು. ಗಂಭೀರ ಸೋಂಕು ತರಬಲ್ಲ ಸ್ಟ್ಯಾಫಿಲೊಕಾಕಸ್ ಆರಿಯಸ್ ಬಂದರೆ ಒಂದೇ ಬಾಟಲಿಯಾದರೂ ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಸ್ಲೈಡಿನಲ್ಲಿ ಎರಡೂ ದ್ರಾಕ್ಷಿ ಗೊಂಚಲಿನಂತೆಯೇ ಕಾಣುತ್ತವೆ. ಅದಕ್ಕಾಗಿ ಗೊಂಚಲು ಕಂಡ ಕೂಡಲೇ ವಾರ್ಡಿಗೆ ಫೋನ್ ಮಾಡಿ ಕಂಡದ್ದಷ್ಟನ್ನೇ ಹೇಳುತ್ತೇನೆ, ಹೆಸರು ಆಮೇಲೆ. ಒಂದೇ ಒಂದು ಬಾಟಲಿ ಕಳಿಸಿದ್ದರೆ ತೂಗಿ ನೋಡಲು ನನ್ನ ಬಳಿ ಏನೂ ಇರುವುದಿಲ್ಲ.

ಏನೂ ಬೆಳೆಯದ ಪ್ಲೇಟಿನ ಮಾತೂ ಇದೆ. ಕ್ಷಯದ ಬ್ಯಾಕ್ಟೀರಿಯಾ ಒಮ್ಮೆ ವಿಭಜನೆಯಾಗಲು 15ರಿಂದ 20 ಗಂಟೆ ಹಿಡಿಯುತ್ತದೆ, ಘನ ಮಾಧ್ಯಮದಲ್ಲಿ ಕಾಲೊನಿ ಕಾಣಲು ವಾರಗಳೇ ಬೇಕು. ಸಿಫಿಲಿಸ್‌ನ ಟ್ರೆಪೊನೆಮಾ ನಮ್ಮ ಯಾವ ಪ್ಲೇಟಿಗೂ ಬಗ್ಗುವುದಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದ ಬ್ಯಾಕ್ಟೀರಿಯಾವನ್ನು ಬೆಳೆಸಲು ಹೊರಟಾಗ ಪ್ಲೇಟುಗಳನ್ನು ಎರಡು ದಿನಕ್ಕೇ ಎಸೆಯಲಾಗುತ್ತಿತ್ತು. 1982ರ ಈಸ್ಟರ್ ರಜೆಯಲ್ಲಿ ಅವು ಇನ್‌ಕ್ಯುಬೇಟರಿನಲ್ಲೇ ಉಳಿದವು, ಹೆಲಿಕೊಬ್ಯಾಕ್ಟರ್ ಪೈಲೋರಿ ಬೆಳೆದು ನಿಂತಿತ್ತು. ಜಠರದ ಹುಣ್ಣಿಗೆ ಒತ್ತಡವನ್ನು ದೂರುತ್ತಿದ್ದ ವೈದ್ಯಲೋಕ, ಈ ಬ್ಯಾಕ್ಟೀರಿಯಾ ಕಾರಣವೆಂದು ಮಣಿಯಲು ವರ್ಷಗಳೇ ಹಿಡಿದವು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ‘ಬೆಳವಣಿಗೆ ಇಲ್ಲ’ ಎಂದು ಬರೆಯುವಾಗ ಎಷ್ಟು ಹೊತ್ತಿನ ನಂತರ ಎಂಬುದನ್ನೂ ನಾನು ಸೇರಿಸುತ್ತೇನೆ.

ಔಷಧಿ ಪರೀಕ್ಷೆಯಲ್ಲೂ ಕಣ್ಣಿಗೆ ಕಂಡದ್ದನ್ನು ಹಾಗೆಯೇ ಬರೆಯುವಂತಿಲ್ಲ. 4 ಮಿಲಿಮೀಟರ್ ದಪ್ಪದ ಮುಲ್ಲರ್-ಹಿಂಟನ್ ಅಗರ್ ಎಂಬ ಜೆಲ್ಲಿಯಂಥ ಮಾಧ್ಯಮದ ಮೇಲೆ ಬ್ಯಾಕ್ಟೀರಿಯಾ ಸವರಿ, ಆಂಟಿಬಯಾಟಿಕ್ ಬಿಲ್ಲೆಗಳನ್ನಿಟ್ಟು, 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಡುತ್ತೇವೆ. ಬಿಲ್ಲೆಯ ಸುತ್ತ ಬೆಳೆಯದೆ ಉಳಿದ ವೃತ್ತವನ್ನು ಅಳೆಯುತ್ತೇವೆ. ದೊಡ್ಡ ವೃತ್ತದ ಔಷಧಿಯೇ ಹೆಚ್ಚು ಬಲಶಾಲಿ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಅಗರ್‌ನಲ್ಲಿ ಹರಡುವ ವೇಗ ಒಂದೊಂದಕ್ಕೆ ಒಂದೊಂದು, ಅಳತೆಯ ಗಡಿಯೂ ಬೇರೆ. ಸ್ಟ್ಯಾಫಿಲೊಕಾಕಸ್‌ಗೆ ನಾನು ಕ್ಲಿಂಡಮೈಸಿನ್ ಬಿಲ್ಲೆಯನ್ನು ಎರಿತ್ರೊಮೈಸಿನ್ ಪಕ್ಕದಲ್ಲೇ, 15ರಿಂದ 26 ಮಿಲಿಮೀಟರ್ ಅಂತರದಲ್ಲಿ ಇಡುತ್ತೇನೆ. ಕೆಲವು ತಳಿಗಳಲ್ಲಿ ಕ್ಲಿಂಡಮೈಸಿನ್‌ನ ವೃತ್ತ ಎರಿತ್ರೊಮೈಸಿನ್ ಕಡೆಗೆ ಮಾತ್ರ ಚಪ್ಪಟೆಯಾಗಿ, ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರ ತಾಳುತ್ತದೆ. ಪ್ರತಿರೋಧದ ಜೀನ್ ಒಳಗೆ ಅಡಗಿದೆ, ಎರಿತ್ರೊಮೈಸಿನ್ ಅದನ್ನು ಕೆಣಕಿದೆ ಎಂದರ್ಥ. ವೃತ್ತ ಎಷ್ಟೇ ಅಗಲವಿರಲಿ, ಆ ರೋಗಿಯ ವರದಿಯಲ್ಲಿ ಕ್ಲಿಂಡಮೈಸಿನ್ ಮುಂದೆ ‘ರೆಸಿಸ್ಟೆಂಟ್’ (ಔಷಧಿಗೆ ಬಗ್ಗದು) ಎಂದೇ ಬರೆಯುತ್ತೇನೆ.