ಪರದೇಶದಲ್ಲಿ ಅಪಘಾತಕ್ಕೀಡಾದ ಮಾರ್ಪಾಡು ವಾಹನವನ್ನು ರಿಪೇರಿ ಮಾಡಿಸುವ ಬಗೆ

ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇರುವ ವಾಹನವು ಹೊರದೇಶದಲ್ಲಿ ಅಪಘಾತಕ್ಕೀಡಾದರೆ, ಗ್ಯಾರೇಜಿನವರು ಚಾಸಿಯ ಮೇಲಿರುವ 17 ಅಕ್ಷರ ಮತ್ತು ಅಂಕಿಗಳ ಗುರುತು ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ, ಬೇಕಾದ ಬಿಡಿಭಾಗ ಯಾವುದೆಂದು ತಿಳಿದುಕೊಳ್ಳುತ್ತಾರೆ. ಮಾರ್ಪಾಡು ಮಾಡಿಸಿದ ವಾಹನದಲ್ಲಿ ಇದೇ ಸಂಖ್ಯೆ ದಾರಿ ತಪ್ಪಿಸುತ್ತದೆ. ಕಾರ್ಖಾನೆ ಬಿಟ್ಟ ದಿನ ವಾಹನ ಹೇಗಿತ್ತೆಂಬುದು ಮಾತ್ರ ಅದರಿಂದ ತಿಳಿಯುತ್ತದೆ. ಆಮೇಲೆ ಎತ್ತರಿಸಿದ ಸಸ್ಪೆನ್ಷನ್, ಕೂಡಿಸಿದ ಎರಡನೆಯ ಬ್ಯಾಟರಿ, ಅಂಗವಿಕಲ ಚಾಲಕರಿಗಾಗಿ ಅಳವಡಿಸಿದ ಕೈ ಬ್ರೇಕು ಮತ್ತು ಕೈ ಆಕ್ಸಿಲರೇಟರು, ಬದಲಾಯಿಸಿದ ಚಕ್ರಗಳು, ಇವು ಯಾವುವೂ ಆ ದಾಖಲೆಯಲ್ಲಿ ಇರುವುದಿಲ್ಲ. ಆ ವಿವರಗಳನ್ನು ಗ್ಯಾರೇಜಿಗೂ ವಿಮಾ ಕಂಪನಿಗೂ ಕಸ್ಟಮ್ಸ್ ಅಧಿಕಾರಿಗೂ ಒದಗಿಸುವ ಹೊಣೆ ಪೂರ್ತಿಯಾಗಿ ಮಾಲೀಕರದು, ಮತ್ತು ರಿಪೇರಿ ಸರಿಯಾಗಿ ಆಗುವುದೋ ಇಲ್ಲವೋ ಎಂಬುದು ಬಹುಪಾಲು ಇದರ ಮೇಲೆಯೇ ನಿಂತಿದೆ.

ಗಾಯಾಳುಗಳ ಆರೈಕೆ ಮತ್ತು ಪೊಲೀಸರಿಗೆ ತಿಳಿಸುವ ಕೆಲಸ ಮುಗಿದ ಮೇಲೆ, ವಾಹನವನ್ನು ಅಲುಗಾಡಿಸುವ ಮೊದಲೇ ನಾಲ್ಕೂ ಬದಿಯಿಂದ ಫೋಟೋ ತೆಗೆಯಬೇಕು. ಹೊರಗಿನಿಂದ ಜೋಡಿಸಿದ ಪ್ರತಿಯೊಂದು ಭಾಗದ ಫೋಟೋ ಪ್ರತ್ಯೇಕವಾಗಿ ಇರಲಿ. ಸಾಗಣೆಯ ವೇಳೆ ಆದ ಹಾನಿ ಯಾವುದು, ಅಪಘಾತದಲ್ಲಿ ಆದದ್ದು ಯಾವುದು ಎಂಬ ವಾದ ಮುಂದೆ ಎದ್ದರೆ ಇವೇ ಆಧಾರ. ಯುರೋಪಿನಲ್ಲಿ ಎರಡೂ ಕಡೆಯ ಚಾಲಕರು ಸೇರಿ ತುಂಬುವ ಅಪಘಾತ ಹೇಳಿಕೆಯ ನಮೂನೆಯೊಂದು ಬಳಕೆಯಲ್ಲಿದೆ. ಬೇರೆ ಬೇರೆ ಭಾಷೆಗಳಲ್ಲಿದ್ದರೂ ಅದರ ಅಂಕಣಗಳ ಕ್ರಮ ಒಂದೇ ಆಗಿರುವುದರಿಂದ, ನಿಮಗೆ ತಿಳಿದ ಭಾಷೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬಹುದು. ಅದಕ್ಕೆ ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ. ಆದರೆ ಅದರಲ್ಲಿ ಬರೆದ ಸಂಗತಿಗಳನ್ನು ಆಮೇಲೆ ಬದಲಿಸುವುದು ಕಷ್ಟ. ಅರ್ಥವಾಗದ ಸಾಲಿನ ಕೆಳಗೆ ಸಹಿ ಹಾಕಬೇಡಿ.

ಟೋಯಿಂಗ್ ಗಾಡಿಯನ್ನು ಕರೆಸುವಾಗ ವಾಹನದ ಈಗಿನ ಎತ್ತರ, ತೂಕ ಮತ್ತು ನಾಲ್ಕು ಚಕ್ರದ ಚಾಲನೆ ಇದೆಯೇ ಎಂಬುದನ್ನು ಹೇಳಿಬಿಡಬೇಕು. ನಾಲ್ಕೂ ಚಕ್ರಕ್ಕೆ ಸದಾ ಚಾಲನೆಯಿರುವ ವಾಹನವನ್ನು ಎರಡು ಚಕ್ರ ನೆಲಕ್ಕೆ ತಾಗಿಸಿ ಎಳೆದುಕೊಂಡು ಹೋದರೆ ಅಪಘಾತದಲ್ಲಿ ಉಳಿದುಕೊಂಡಿದ್ದ ಟ್ರಾನ್ಸ್‌ಫರ್ ಕೇಸು, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ದಾರಿಯಲ್ಲಿ ಹಾಳಾಗಬಹುದು. ಚಪ್ಪಟೆ ಹಾಸಿನ ಲಾರಿಯೇ ಬೇಕೆಂದು ಕೇಳಿ.

ವಿಮೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಯುರೋಪಿನ ದೇಶಗಳಲ್ಲಿಯೂ ಸುತ್ತಲಿನ ಹಲವು ದೇಶಗಳಲ್ಲಿಯೂ ನಡೆಯುವ ಗ್ರೀನ್ ಕಾರ್ಡ್ ಎಂಬ ಅಂತರರಾಷ್ಟ್ರೀಯ ವಾಹನ ವಿಮಾ ಪತ್ರ ನಿಮ್ಮಿಂದ ಇತರರಿಗೆ ಆದ ಹಾನಿಯನ್ನಷ್ಟೇ ಭರಿಸುತ್ತದೆ. ನಿಮ್ಮ ಸ್ವಂತ ವಾಹನದ ರಿಪೇರಿಗೆ ಅದರಿಂದ ಏನೂ ಸಿಗುವುದಿಲ್ಲ. ಅದಕ್ಕೆ ಬೇರೆ ವಿಮೆ ಇರಬೇಕು, ಆ ವಿಮೆ ಅಪಘಾತವಾದ ದೇಶದಲ್ಲಿ ಊರ್ಜಿತವಾಗಿರಬೇಕು, ಮತ್ತು ಮಾರ್ಪಾಡುಗಳನ್ನು ಮೊದಲೇ ಕಂಪನಿಗೆ ಬರಹದಲ್ಲಿ ತಿಳಿಸಿರಬೇಕು. ತಿಳಿಸದೆ ಇದ್ದರೆ ಮೂಲ ಭಾಗದ ಬೆಲೆಯನ್ನು ಮಾತ್ರ ಕೊಡಬಹುದು, ಕೆಲವೊಮ್ಮೆ ಕ್ಲೇಮನ್ನೇ ತಿರಸ್ಕರಿಸಬಹುದು. ಈಗ ಅಪಘಾತ ಆಗಿಹೋಗಿದೆ ಎಂದು ಮುಚ್ಚಿಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಸರ್ವೇಯರ್ ಬಂದು ನೋಡಿದ ಮೊದಲ ಗಳಿಗೆಯಲ್ಲೇ ಅದು ಬಯಲಾಗುತ್ತದೆ. ಸರ್ವೇಯರ್ ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಕೂಡದೆಂದು ಗ್ಯಾರೇಜಿಗೆ ಬರೆದುಕೊಡಿ. ಜೊತೆಗೆ ಅವರು ವಾಹನ ನಿಲ್ಲಿಸಿಕೊಂಡದ್ದಕ್ಕೆ ದಿನಕ್ಕೆ ಎಷ್ಟು ಬಾಡಿಗೆ ಹಾಕುತ್ತಾರೆಂಬುದನ್ನೂ ಅಂದೇ ಕೇಳಿ.

ಗ್ಯಾರೇಜಿಗೆ ಕೊಡಬೇಕಾದ ಕಡತದಲ್ಲಿ ಪ್ರತಿ ಮಾರ್ಪಾಡಿನ ತಯಾರಕರ ಹೆಸರು, ಭಾಗದ ಸಂಖ್ಯೆ, ಅಳತೆ, ರಸೀದಿ ಮತ್ತು ಒಪ್ಪಿಗೆ ಪತ್ರ ಇರಬೇಕು. ಅಳತೆಗಳ ಮಹತ್ವವನ್ನು ಒಂದು ಉದಾಹರಣೆಯಿಂದ ನೋಡೋಣ. 50 ಮಿಲಿಮೀಟರ್ ಎತ್ತರಿಸಿದ ವಾಹನದ ಮುಂದಿನ ಎಡ ಮೂಲೆಗೆ ಪೆಟ್ಟು ಬಿದ್ದು ಸ್ಪ್ರಿಂಗು ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮುರಿದಿವೆ ಎನ್ನೋಣ. ಗ್ಯಾರೇಜಿನವರು ಗುರುತು ಸಂಖ್ಯೆ ನೋಡಿ ಮೂಲ ಸ್ಪ್ರಿಂಗನ್ನು ತರಿಸಿ ಹಾಕುತ್ತಾರೆ. ವಾಹನ ಎಡಕ್ಕೆ ವಾಲುತ್ತದೆ, ಮೆಕ್ಯಾನಿಕ್ ಎಷ್ಟು ಹೆಣಗಿದರೂ ಚಕ್ರದ ಅಲೈನ್‌ಮೆಂಟ್ ಕೂಡಿಬರುವುದಿಲ್ಲ, ಕೊನೆಗೆ ಚಾಸಿಯೇ ಬಾಗಿದೆಯೆಂಬ ತೀರ್ಮಾನಕ್ಕೆ ಬರುತ್ತಾರೆ. ಸ್ಪ್ರಿಂಗಿನ ಸಂಖ್ಯೆ, ನಿಂತಾಗ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರ, ಅಪಘಾತಕ್ಕೆ ಮುಂಚಿನ ಅಲೈನ್‌ಮೆಂಟಿನ ಮುದ್ರಿತ ಹಾಳೆ, ಈ ಮೂರು ಇದ್ದಿದ್ದರೆ ಆ ಕಾಲವೂ ಹಣವೂ ಉಳಿಯುತ್ತಿದ್ದವು. ಹೊಂದುವ ಸ್ಪ್ರಿಂಗು ಸಿಗದೇ ಹೋದರೆ ಒಂದೇ ಬದಿಗೆ ಬೇರೆಯದನ್ನು ಹಾಕಿಸಬೇಡಿ. ಎರಡೂ ಬದಿಗೆ ಮೂಲ ಸ್ಪ್ರಿಂಗು ಮತ್ತು ಡ್ಯಾಂಪರ್ ಹಾಕಿಸಿಕೊಂಡು ಊರು ಸೇರುವುದು ಒಳ್ಳೆಯದು. ಚಕ್ರಗಳೂ ಹಾಗೆಯೇ: ಬೋಲ್ಟುಗಳ ಎಣಿಕೆ ಮತ್ತು ಅವು ಕೂರುವ ವೃತ್ತದ ವ್ಯಾಸ 5×114.3 (ಐದು ಬೋಲ್ಟು, 114.3 ಮಿಲಿಮೀಟರ್) ಎಂದು ಹೊಂದಿದರೂ, ನಡುವಿನ ರಂಧ್ರ ಮತ್ತು ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಬೋಲ್ಟು ಕೂರುವ ಮುಖಕ್ಕಿರುವ ಅಂತರ) ಹೊಂದದೆ ಇದ್ದರೆ ಆ ಚಕ್ರ ಬಳಕೆಗೆ ಬಾರದು.

ವೆಲ್ಡಿಂಗ್ ಶುರುವಾಗುವ ಮೊದಲು ನೀವು ಖುದ್ದಾಗಿ ಹಾಜರಿರಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಜೀವದ ಪ್ರಶ್ನೆಯಿದೆ. ಮೆಕ್ಯಾನಿಕ್ ವಾಡಿಕೆಯಂತೆ ಎಂಜಿನ್ನಿನ ಪಕ್ಕದ ಬ್ಯಾಟರಿಯನ್ನು ಮಾತ್ರ ಕಳಚುತ್ತಾನೆ. ಸೀಟಿನ ಕೆಳಗಿರುವ ಎರಡನೆಯ ಲಿಥಿಯಂ ಬ್ಯಾಟರಿ ಅವನಿಗೆ ಗೊತ್ತಿರುವುದಿಲ್ಲ. ಚಾವಣಿಯ ಮೇಲೆ ಸೌರ ಫಲಕವಿದ್ದರೆ ಮೊದಲು ಅದರ ತಂತಿಯನ್ನು ಬಿಡಿಸಿ, ಆಮೇಲೆ ಬ್ಯಾಟರಿಗಳನ್ನು ಕಳಚಬೇಕು. ಅಡುಗೆಯ ಗ್ಯಾಸ್ ಸಿಲಿಂಡರನ್ನು ಗ್ಯಾರೇಜಿನ ಒಳಕ್ಕೇ ತರಬಾರದು. ಕೈಯಿಂದ ನಡೆಸುವ ಬ್ರೇಕು ಇದ್ದರೆ ಅದರ ಬಳಕೆಯನ್ನು ತೋರಿಸಿಕೊಡಿ, ಇಲ್ಲವಾದರೆ ಪರೀಕ್ಷೆಗೆಂದು ಓಡಿಸುವವರು ಸನ್ನೆಗೋಲಿಗೆ ಮೊಣಕಾಲು ತಗಲಿಸಿ ಇನ್ನೊಂದು ಅಪಘಾತ ಮಾಡಿಕೊಂಡಾರು. ಚಾವಣಿಯನ್ನು ಹೊರುವ ಅತಿ ಗಟ್ಟಿ ಉಕ್ಕಿನ ಕಂಬಗಳನ್ನು ಕಾಯಿಸಿ ನೆಟ್ಟಗೆ ಮಾಡಲು ಒಪ್ಪಬೇಡಿ. ಕಾಯಿಸಿದರೆ ಆ ಉಕ್ಕಿನ ಬಲವೇ ಹೋಗುತ್ತದೆ. ಗಟ್ಟಿ ಬುಲ್ ಬಾರ್ ಇದ್ದಲ್ಲಿ ಅದು ನೆಟ್ಟಗಿದ್ದರೂ ಪೆಟ್ಟು ಹಿಂದಿನ ಚಾಸಿಗೆ ದಾಟಿರಬಹುದಾದ್ದರಿಂದ, ಅದನ್ನು ಕಳಚಿಸಿ ಅದರ ಹಿಡಿಕೆಗಳ ಸುತ್ತ ಬಿರುಕು ಹುಡುಕಿಸಿ.

ಬಿಡಿಭಾಗವನ್ನು ಸ್ವದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಅಡ್ಡ ಬರುತ್ತದೆ. ಖಾಸಗಿ ವಾಹನಗಳ ತಾತ್ಕಾಲಿಕ ಆಮದಿನ ಬಗ್ಗೆ 1954ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು, ತಾತ್ಕಾಲಿಕವಾಗಿ ಒಳಬಂದ ನಿರ್ದಿಷ್ಟ ವಾಹನದ ರಿಪೇರಿಗೆ ತರಿಸುವ ಭಾಗಗಳನ್ನು ಸುಂಕವಿಲ್ಲದೆ ಬಿಡಲು ಅವಕಾಶ ಕೊಟ್ಟಿದೆ. ಆದರೆ ಬಿಚ್ಚಿ ತೆಗೆದ ಹಳೆಯ ಭಾಗಕ್ಕೂ ಲೆಕ್ಕ ಕೊಡಬೇಕು: ಅದನ್ನು ವಾಪಸು ಒಯ್ಯಬೇಕು, ಸರ್ಕಾರಕ್ಕೆ ಒಪ್ಪಿಸಬೇಕು ಅಥವಾ ಅಧಿಕಾರಿಗಳ ಎದುರು ನಾಶಪಡಿಸಬೇಕು, ತಪ್ಪಿದರೆ ಸುಂಕ ಕಟ್ಟಬೇಕು. ಹಾಗಾಗಿ ಮುರಿದ ಡ್ಯಾಂಪರನ್ನು ಗುಜರಿಗೆ ಹಾಕದೆ ಎತ್ತಿಡುವಂತೆ ಗ್ಯಾರೇಜಿಗೆ ಹೇಳಿ. ಏರ್‌ಬ್ಯಾಗು ಮತ್ತು ಸೀಟ್ ಬೆಲ್ಟಿನ ಬಿಗಿಸುವ ಸಾಧನಗಳಲ್ಲಿ ಸಿಡಿಯುವ ವಸ್ತು ಇರುವುದರಿಂದ ಅವು ಸಾಗಣೆಯಲ್ಲಿ ಅಪಾಯಕಾರಿ ಸರಕು. ಅವನ್ನು ಸ್ಥಳೀಯವಾಗಿಯೇ ಕೊಳ್ಳುವುದು ಸುಲಭ.

ಕಾರ್ನೆಟ್ (ಸುಂಕ ಕಟ್ಟದೆ ವಾಹನವನ್ನು ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ಯಲು ಪಡೆಯುವ ಕಸ್ಟಮ್ಸ್ ದಾಖಲೆ) ಮೇಲೆ ವಾಹನವನ್ನು ಒಯ್ದಿದ್ದರೆ, ಸಾಮಾನ್ಯವಾಗಿ ಅದರ ಅವಧಿ ಒಂದು ವರ್ಷ. ರಿಪೇರಿ ತಡವಾಗುವ ಸೂಚನೆ ಕಂಡ ಕೂಡಲೇ, ಅವಧಿ ಮುಗಿಯುವ ಮೊದಲೇ, ವಿಸ್ತರಣೆಗಾಗಿ ಕಾರ್ನೆಟ್ ಕೊಟ್ಟ ಸಂಸ್ಥೆಗೂ ಅಲ್ಲಿನ ಕಸ್ಟಮ್ಸಿಗೂ ಬರೆಯಬೇಕು. ವಾಹನ ರಿಪೇರಿಗೆ ನಿಲುಕದಷ್ಟು ಜಖಂ ಆಗಿದ್ದರೂ ಅದನ್ನು ಅಲ್ಲೇ ಮಾರಿ ಅಥವಾ ಬಿಟ್ಟು ಬರುವಂತಿಲ್ಲ. ಕಸ್ಟಮ್ಸಿನ ಒಪ್ಪಿಗೆಯ ಕಾಗದ ಕೈಗೆ ಬರದಿದ್ದರೆ ಪೂರ್ತಿ ಸುಂಕದ ಬೇಡಿಕೆ ಆಮೇಲೆ ಮನೆಗೆ ಬರುತ್ತದೆ.

ಎಲ್ಲವನ್ನೂ ಅಲ್ಲೇ ಮಾಡಿಸಬೇಕೆಂಬ ಹಟ ಬೇಡ ಎಂಬುದು ನನ್ನ ಅಭಿಪ್ರಾಯ. ಬ್ರೇಕು, ಸ್ಟೀರಿಂಗು, ದೀಪ, ಸೀಟ್ ಬೆಲ್ಟು, ಏರ್‌ಬ್ಯಾಗು, ಚಾಸಿ ಇವುಗಳಲ್ಲಿ ರಾಜಿಯಿಲ್ಲ. ಬಣ್ಣ, ಒಳಗಿನ ಪೀಠೋಪಕರಣ, ಚಾವಣಿಯ ಪೆಟ್ಟಿಗೆ ಇವು ಮೊದಲು ಮಾರ್ಪಾಡು ಮಾಡಿದವರ ಕೈಯಲ್ಲೇ ಚೆನ್ನಾಗಿ ಆಗುತ್ತವೆ. ವಾಹನವನ್ನು ಬಿಡಿಸಿಕೊಳ್ಳುವಾಗ ಭಾಗದ ಸಂಖ್ಯೆಗಳಿರುವ ಬಿಲ್ಲು, ಅಲೈನ್‌ಮೆಂಟ್ ಹಾಳೆ ಮತ್ತು ಬಣ್ಣ ಬಳಿಯುವ ಮೊದಲು ತೆಗೆದ ವೆಲ್ಡಿಂಗಿನ ಫೋಟೋಗಳನ್ನು ಕೇಳಿ ಪಡೆಯಿರಿ. ಮುಂಗಾಜು ಬದಲಾಯಿಸಿದ್ದರೆ, ಅದರ ಒಳಬದಿಯಲ್ಲಿ ರಸ್ತೆಯನ್ನು ನೋಡುವ ಕ್ಯಾಮೆರಾವನ್ನು ವಾಹನದ ಈಗಿನ ಎತ್ತರಕ್ಕೆ ಹೊಂದಿಸಿದ್ದಾರೆಯೇ ಎಂದು ವಿಚಾರಿಸಿ. ಸುಮಾರು 50ರಿಂದ 100 ಕಿಲೋಮೀಟರ್ ಓಡಿದ ಬಳಿಕ ವಾಹನವನ್ನು ನಿಲ್ಲಿಸಿ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಿ.